ತಂದೆಯವರ ಅಂಬಾಸಿಡರ್

ನಮ್ಮ ತಂದೆಯವರು ವೃತ್ತಿಯಿಂದ ವೈದ್ಯರು. ಹಳೆಯ ಬಾಗಲಕೋಟೆಯಲ್ಲಿ ಅವರ ದವಾಖಾನೆ ಇತ್ತು. 1968ರಲ್ಲಿ ಅವರು ಅಂಬಾಸಿಡರ್ ಕಾರೊಂದನ್ನು ಕೊಂಡರು. ಹಣ ಕಟ್ಟಿ, ಹೆಸರು ಬರೆಸಿ, ಸರದಿ ಬರುವವರೆಗೆ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವದು. ಆದ್ದರಿಂದ ಕಾರು ಮನೆಗೆ ಬಂದ ದಿನ ನಮ್ಮ ತಾಯಿಯವರು ಅದಕ್ಕೆ ಆರತಿ ಬೆಳಗಿದ್ದರಲ್ಲಿಯೂ, ಓಣಿಯ ಮಂದಿಯೆಲ್ಲ ಬಂದು ಮುಟ್ಟಿ ನೋಡಿ ಹೋದದ್ದರಲ್ಲಿಯೂ ಆಶ್ಚರ್ಯವೇನಿಲ್ಲ. ನನಗಾಗ ಎಂಟು ವರ್ಷ. ನನ್ನ ತಂಗಿ ಹುಟ್ಟಿದ್ದೂ ಅದೇ ವರ್ಷವೇ. ಹೀಗಾಗಿ ಅವಳ ವಯಸ್ಸೆಷ್ಟೆಂದು ಯಾರಾದರೂ ಕೇಳಿದರೆ ತಾಯಿಯವರು ಕಾರಿನ ಲೆಕ್ಕ ಹಿಡಿದು ಹೇಳುತ್ತಿದ್ದರು.

ಆ ಕಾರು ನಮ್ಮ ಮನೆಯ ಸೊತ್ತಾಗಿದ್ದುದಕ್ಕಿಂತ ರೋಗಿಗಳ ಸೊತ್ತಾಗಿದ್ದುದೇ ಹೆಚ್ಚು. ಕಮತಗಿ, ಗುಳೇದಗುಡ್ಡ, ಶಿರೂರುಗಳಿಂದ ನಡುರಾತ್ರಿಯಲ್ಲಿ ಕರೆ ಬಂದರೂ ತಂದೆಯವರು ಹೊರಡುತ್ತಿದ್ದರು. ಹಿಂದಿನ ಆಸನದಲ್ಲಿ ಎರಡು ಹೆರಿಗೆಗಳಾಗಿದ್ದವೆಂಬುದನ್ನು ನಮ್ಮ ತಾಯಿಯವರು ಬಹುಕಾಲ ಹೇಳಿಕೊಂಡು ನಗುತ್ತಿದ್ದರು.

ಅಂಬಾಸಿಡರ್ ಎಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯ ಭಾರತೀಯ ಅವತಾರ. ಬಂಗಾಲದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್ ಕಂಪನಿ 1950ರ ದಶಕದ ಕೊನೆಯಿಂದ 2014ರವರೆಗೂ ಅದನ್ನು ತಯಾರಿಸಿತು. ನಮ್ಮದು ಎರಡನೆಯ ಮಾದರಿ, 1489 ಸಿ.ಸಿ.ಯ ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನ್. ಬಾನೆಟ್ಟು ತೆರೆದರೆ ಒಬ್ಬ ಮನುಷ್ಯ ಒಳಗೆ ನಿಲ್ಲುವಷ್ಟು ಅವಕಾಶ. ಬ್ಯಾಟರಿ ಕೈಕೊಟ್ಟರೆ ಮುಂಭಾಗದಲ್ಲಿ ಹ್ಯಾಂಡಲ್ ಹಾಕಿ ತಿರುವಿ ಎಂಜಿನ್ ಚಾಲೂ ಮಾಡಬಹುದಿತ್ತು. ಈ ಹ್ಯಾಂಡಲ್ ನಮ್ಮ ಕಥೆಯಲ್ಲಿ ಮುಂದೆ ಬರುವುದರಿಂದ ವಾಚಕರು ಅದನ್ನು ನೆನಪಿನಲ್ಲಿಡಬೇಕು.

ಕಾರಿಗೆ ಒಬ್ಬ ಮಿಸ್ತ್ರಿ ಇದ್ದರು. ಮಕ್ಕಳಾದ ನಾವು ಅವರನ್ನು ಮಿಸ್ತ್ರಿ ಕಾಕಾ ಎಂದು ಕರೆಯುತ್ತಿದ್ದೆವು. ಕಾರು ಬಂದಾಗ ಅವರು ಇಪ್ಪತ್ತೈದರ ತರುಣರು. ತಗಡಿನ ಚಪ್ಪರದ ಕೆಳಗೆ ಅವರ ಗ್ಯಾರೇಜು. ಎಂಜಿನ್ನಿನೊಳಗೆ ಏನೋ ಸಪ್ಪಳವೆಂದರೆ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಕೆಯನ್ನು ತಮ್ಮ ಕಿವಿಗೂ ಹಚ್ಚಿ, ಕಣ್ಣು ಮುಚ್ಚಿ, ದೋಷ ಎಲ್ಲಿದೆಯೆಂದು ಹೇಳುತ್ತಿದ್ದರು. ತಂದೆಯವರು ಅದನ್ನು ನೋಡಿ, "ಇದು ಮಿಸ್ತ್ರಿಯ ಸ್ಟೆಥಾಸ್ಕೋಪು" ಎಂದು ನಗುತ್ತಿದ್ದರು. ರೋಗಿಯನ್ನು ಮುಟ್ಟಿ ನೋಡದೆ ಔಷಧ ಬರೆಯಬಾರದೆಂಬುದು ತಂದೆಯವರ ವ್ರತ. ಆದ್ದರಿಂದಲೇ ಇಬ್ಬರಿಗೂ ಒಳ್ಳೆಯ ಹೊಂದಿಕೆಯಾಗಿತ್ತು. ಇಪ್ಪತ್ತಮೂರು ವರ್ಷ ಆ ಕಾರನ್ನು ಬೇರೆ ಯಾರೂ ಮುಟ್ಟಲಿಲ್ಲ.

1991ರ ಬೇಸಿಗೆಯಲ್ಲಿ ತಂಗಿಯ ಲಗ್ನ ನಿಶ್ಚಯವಾಯಿತು. ಬೀಗರು ಬಾದಾಮಿಯವರು. ಲಗ್ನಕ್ಕೆ ಮೊದಲು ಕಾರಿನ ಎಂಜಿನ್ ಬಿಚ್ಚಿಸಿ, ಹೊಸ ರಿಂಗುಗಳನ್ನೂ ಬೇರಿಂಗುಗಳನ್ನೂ ಹಾಕಿಸಲಾಯಿತು. ಮಿಸ್ತ್ರಿ ಕಾಕಾ ಹದಿನೈದು ದಿನ ಅದರಲ್ಲಿಯೇ ತೊಡಗಿದ್ದು, ಕಾರನ್ನು ಹೊಸದರಂತೆ ಓಡುವ ಹಾಗೆ ಮಾಡಿಕೊಟ್ಟರು. ನಾನಾಗ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಲಗ್ನದ ಮನೆಯಲ್ಲಿ ಸುಮ್ಮನೆ ಕೂಡಬಾರದೆಂದು ನಾನೂ ಒಂದು ಕೆಲಸ ಕೈಕೊಂಡೆ. ಬ್ಯಾಟರಿಯ ಆಮ್ಲ ತಾಗಿ ಎಂಜಿನ್ ಕೋಣೆಯ ಗೋಡೆ ತುಕ್ಕು ಹಿಡಿದಿತ್ತು. ಮನೆಯ ಕಿಟಕಿಗಳಿಗೆ ಹಚ್ಚಿ ಉಳಿದಿದ್ದ ಹಸಿರು ಎನಾಮೆಲ್ ಬಣ್ಣ ಅಟ್ಟದ ಮೇಲಿತ್ತು. ತುಕ್ಕನ್ನು ಕೆರೆದು, ಅಡ್ಡ ಬಂದ ನಟ್ಟು ಬೋಲ್ಟುಗಳನ್ನು ಬಿಚ್ಚಿ, ಎರಡು ಕೈ ಬಣ್ಣ ಹಚ್ಚಿ, ಒಣಗಿದ ಮೇಲೆ ಎಲ್ಲವನ್ನೂ ಮೊದಲಿನಂತೆ ಬಿಗಿದೆ. ಅಚ್ಚುಕಟ್ಟಾದ ಕೆಲಸವೆಂದು ತಂದೆಯವರು ಮೆಚ್ಚಿಕೊಂಡರು.

ಲಗ್ನ ಸಾಂಗವಾಗಿ ನೆರವೇರಿತು. ಎರಡು ವಾರಗಳ ತರುವಾಯ ನವದಂಪತಿಗಳನ್ನೂ ಬೀಗರನ್ನೂ ಕೂಡಿಸಿಕೊಂಡು ಕೂಡಲಸಂಗಮಕ್ಕೆ ಹೋದೆವು. ಹಿಂದಿರುಗುವಾಗ ಹೊತ್ತು ಮುಳುಗಿತ್ತು. ಅಮೀನಗಡದಲ್ಲಿ ಕರದಂಟು ಕೊಳ್ಳಲೆಂದು ಕಾರು ನಿಲ್ಲಿಸಿದೆವು. ಮತ್ತೆ ಹೊರಡಬೇಕೆಂದಾಗ ಸ್ಟಾರ್ಟರ್ ನರಳಿ ನಿಂತುಬಿಟ್ಟಿತು. ಎರಡನೆಯ ಸಲ, ಮೂರನೆಯ ಸಲ ಪ್ರಯತ್ನಿಸಿದಾಗ ಡ್ಯಾಶ್‌ಬೋರ್ಡಿನ ಕೆಳಗೆ ಚೋಕ್ ವಾಯರಿನಿಂದ ಹೊಗೆ ಎದ್ದಿತು. ಬೀಗಿತಿಯವರು ಗಾಬರಿಯಿಂದ ಕೆಳಗಿಳಿದರು. ಅವರ ರೇಶಿಮೆ ಸೆರಗು ಬಾಗಿಲಿಗೆ ಸಿಕ್ಕಿ ಹರಿಯಿತು. ಕೂಡಿದ ಜನ ಕಾರನ್ನು ನೂಕಿದರು, ಎಂಜಿನ್ ಹತ್ತಿಕೊಂಡಿತು. ಬಾಗಲಕೋಟೆಯವರೆಗೆ ಯಾರೂ ಮಾತನಾಡಲಿಲ್ಲ.

ಮರುದಿನ ಬೆಳಿಗ್ಗೆ ಮಿಸ್ತ್ರಿ ಕಾಕಾನಿಗೆ ಕರೆ ಹೋಯಿತು. ಪಡಸಾಲೆಯಲ್ಲಿ ಬೀಗರು ಕುಳಿತಿದ್ದರು. ತಂದೆಯವರು ಸಿಟ್ಟಿನ ಮನುಷ್ಯರಲ್ಲ. ಆದರೆ ಮಗಳನ್ನು ಕೊಟ್ಟ ಮನೆಯವರ ಮುಂದೆ ಆದ ಅವಮಾನ ಅವರನ್ನು ಬೇರೆ ಮನುಷ್ಯರನ್ನಾಗಿ ಮಾಡಿತ್ತು.

"ಹೊಸಾ ಸಾಮಾನಿನ ರೊಕ್ಕಾ ತಗೊಂಡು ಹಳೇದು ಹಾಕಿ ಕೊಟ್ಟೀಯಲ್ಲ ಮಿಸ್ತ್ರಿ" ಎಂದರು.

ಮಿಸ್ತ್ರಿ ಕಾಕಾ ನನ್ನತ್ತ ತಿರುಗಿ, "ಹೊಗಿ ಎಲ್ಲಿಂದ ಬಂತ್ರಿ?" ಎಂದು ಕೇಳಿದರು. ಚೋಕ್ ವಾಯರಿನಿಂದ ಎಂದೆ. ಅವರು ಒಂದು ಕ್ಷಣ ಯೋಚಿಸಿ, "ಒಮ್ಮೆ ನೋಡ್ತೀನ್ರಿ ಸಾಹೇಬ್ರ" ಎಂದರು. "ನೋಡಿದ್ದು ಸಾಕು" ಎಂದರು ತಂದೆಯವರು. ಕಾಕಾ ಮತ್ತೊಮ್ಮೆ ಕೇಳಲಿಲ್ಲ. ಹೊಸ್ತಿಲ ಬಳಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಹೋದರು. ಅವರಿಗೆ ಸಲ್ಲಬೇಕಾಗಿದ್ದ ಬಾಕಿ ಕೂಲಿಯನ್ನೂ ನಾವು ಕೊಡಲಿಲ್ಲ. ನಾನು ಕಂಬಕ್ಕೆ ಒರಗಿ ನಿಂತು ಇದನ್ನೆಲ್ಲ ನೋಡುತ್ತಿದ್ದೆ.

ಅನಂತರ ಕಾರು ಬೇರೊಂದು ಕಡೆ ರಿಪೇರಿಗೆ ಹೋಯಿತು. ಅಲ್ಲಿ ಹೊಸ ಬ್ಯಾಟರಿ ಹಾಕಿದರು, ಸ್ಟಾರ್ಟರನ್ನು ಬಿಚ್ಚಿ ಕಟ್ಟಿದರು, ವಾಯರುಗಳನ್ನು ಬದಲಿಸಿದರು, ಎಂಜಿನ್ ಕೋಣೆಗೆಲ್ಲ ಕಪ್ಪು ಬಣ್ಣ ಹೊಡೆದರು. ಕೆಲವು ದಿನ ನೆಟ್ಟಗಿರುವುದು, ಮತ್ತೆ ಅದೇ ನರಳಾಟ. ಕಡೆಗೆ ತಂದೆಯವರು ಕಾರನ್ನು ಸದಾ ಇಳಿಜಾರು ನೋಡಿ ನಿಲ್ಲಿಸುವ ರೂಢಿ ಮಾಡಿಕೊಂಡರು. ಇಳಿಜಾರಿಲ್ಲದ ಕಡೆ ಹ್ಯಾಂಡಲ್ ತಿರುವಲು ನಾನಿದ್ದೆ. ಆಲಮಟ್ಟಿಯ ಹಿನ್ನೀರಿನಿಂದಾಗಿ ಹಳೆಯ ಊರಿನ ನಮ್ಮ ಭಾಗ ಮುಳುಗಡೆಗೆ ಸೇರಿ, ನಾವು ನವನಗರದ ಸೆಕ್ಟರಿಗೆ ಬಂದಾಗ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದೆವು. ತಗಡಿನ ಶೆಡ್ಡಿನಲ್ಲಿ ನಿಂತ ಅದು ಅಲ್ಲಿಯೇ ನಿಂತಿತು. 2006ರಲ್ಲಿ ತಂದೆಯವರು ಲಿಂಗೈಕ್ಯರಾದರು.

ನಾನು 2020ರಲ್ಲಿ ನಿವೃತ್ತನಾದೆ. ಎರಡು ವರ್ಷಗಳ ಮೇಲೆ ತಂಗಿ ತನ್ನ ಮಗಳ ಲಗ್ನದ ಮಾತೆತ್ತಿದಳು. "ಅಣ್ಣಾ, ಅಪ್ಪನ ಗಾಡಿ ಮೂಲ್ಯಾಗ ಕೊಳಿಯಾಕ ಬಿಟ್ಟೀಯಲ್ಲ. ನನ್ನ ಮಗಳು ಅದರಾಗ ಕುಂತು ಲಗ್ನಕ್ಕ ಹೋಗಬೇಕು ನೋಡು" ಎಂದಳು. ಅವಳ ಮಗ, ನನ್ನ ಅಳಿಯ, ಆಗಷ್ಟೇ ನಮ್ಮೂರಿನ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದು ಮುಗಿಸಿದ್ದ. ಮಾವ ಅಳಿಯ ಕೂಡಿ ಕೆಲಸಕ್ಕೆ ತೊಡಗಿದೆವು.

ಮೊದಲ ದಿನ ಬಾನೆಟ್ಟು ತೆರೆದಾಗ ಏರ್ ಕ್ಲೀನರಿನಲ್ಲಿ ಇಲಿಗಳ ಸಂಸಾರ ನಡೆದಿತ್ತು. ವಾಯರುಗಳ ಹೊದಿಕೆಯನ್ನು ತಿಂದು, ತಾಮ್ರವನ್ನಷ್ಟೇ ನಮಗಾಗಿ ಬಿಟ್ಟಿದ್ದವು. ಅಳಿಯ ಮೊಬೈಲಿನಲ್ಲಿ ಬೇಕಾಗುವ ಸಾಮಾನುಗಳ ಪಟ್ಟಿ ಮಾಡತೊಡಗಿದ: ಹೊಸ ಕಾಯಿಲ್, ಹೊಸ ಪೆಟ್ರೋಲ್ ಪಂಪು, ಹೊಸ ಸ್ಟಾರ್ಟರ್. "ಮೊದಲು ಏನು ಕೆಟ್ಟಿದೆ ನೋಡೋಣ" ಎಂದೆ. ತಂದೆಯವರ ಮಾತು ನನ್ನ ಬಾಯಲ್ಲಿ ಬಂದಿತ್ತು.

ಇಪ್ಪತ್ತು ವರ್ಷ ನಿಂತ ಎಂಜಿನ್ನಿಗೆ ಆತುರದಿಂದ ಸ್ಟಾರ್ಟರ್ ಹೊಡೆದರೆ ಒಳಗೆ ತುಕ್ಕು ಹಿಡಿದು ಅಂಟಿಕೊಂಡ ರಿಂಗುಗಳು ಮುರಿಯುತ್ತವೆ. ನಾವು ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ, ಸೀಮೆಎಣ್ಣೆ ಬೆರೆಸಿದ ಎಂಜಿನ್ ಆಯಿಲನ್ನು ಪ್ರತಿ ಸಿಲಿಂಡರಿಗೂ ಸುರಿದು ಒಂಬತ್ತು ದಿನ ಬಿಟ್ಟೆವು. ದಿನಕ್ಕೊಮ್ಮೆ ಹ್ಯಾಂಡಲ್ ಹಾಕಿ, ಬಲ ಹೇರದೆ, ಹಿಂದೆ ಮುಂದೆ ಅಲುಗಿಸುತ್ತಿದ್ದೆವು. ಹತ್ತನೆಯ ದಿನ ಎಂಜಿನ್ ಬಿಟ್ಟುಕೊಟ್ಟಿತು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಯೇ ಇರಿಸಬೇಕು, ಸುತ್ತಿ ಹಿಡಿಯಬಾರದು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಹೆಬ್ಬೆರಳು ಮುರಿಯುತ್ತದೆ. ಇದನ್ನು ನನಗೆ ಹುಡುಗನಾಗಿದ್ದಾಗ ಕಲಿಸಿದವರು ಮಿಸ್ತ್ರಿ ಕಾಕಾ. ಮೂರನೆಯ ಸಿಲಿಂಡರಿನ ಒಂದು ವಾಲ್ವು ಮಾತ್ರ ತೆರೆದಲ್ಲಿಯೇ ಸಿಕ್ಕಿಕೊಂಡಿತ್ತು. ಸೀಮೆಎಣ್ಣೆ ಬಿಟ್ಟು, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಸಡಿಲಿಸಿ, ಟ್ಯಾಪೆಟ್ಟಿನ ಸಂದನ್ನು ಅಂಗುಲದ ಸಾವಿರದ ಹದಿನೈದು ಭಾಗಕ್ಕೆ ಹೊಂದಿಸಿದೆವು.

ಪೆಟ್ರೋಲ್ ಟ್ಯಾಂಕಿನ ತಳದಲ್ಲಿ ಹಳೆಯ ಪೆಟ್ರೋಲು ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಟ್ಯಾಂಕನ್ನು ಇಳಿಸಿ, ಇಳಕಲ್ಲಿನ ಕಲ್ಲಿನ ಕಾರಖಾನೆಯಿಂದ ತಂದ ಕೆಂಪು ಗ್ರಾನೈಟಿನ ಚೂರುಗಳನ್ನು ಒಳಗೆ ಹಾಕಿ, ಸೀಮೆಎಣ್ಣೆಯೊಂದಿಗೆ ಎರಡು ದಿನ ಅಲುಗಾಡಿಸಿದ ಮೇಲೆ ಒಳಗೋಡೆ ಬೆಳ್ಳಗಾಯಿತು. ಪೆಟ್ರೋಲಿನ ವಿಷಯದಲ್ಲಿ ಹಳೆಯ ಕಾರುಗಳವರು ಇಂದು ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. 2022ರಲ್ಲಿ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತು ಭಾಗ ಎಥನಾಲ್ ಬೆರೆಯುತ್ತಿತ್ತು, ಈಗ ಇಪ್ಪತ್ತು. ಅದು ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನು ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ. ಮುಧೋಳ, ಜಮಖಂಡಿಗಳ ಕಬ್ಬಿನ ಸೀಮೆಯವರಾದ ನಾವು ಎಥನಾಲನ್ನು ದೂರುವಂತಿಲ್ಲವಾದ್ದರಿಂದ, ಪಂಪಿನ ಡಯಾಫ್ರಮನ್ನೂ ಪೆಟ್ರೋಲಿನ ಕೊಳವೆಗಳನ್ನೂ ಅದಕ್ಕೆ ತಡೆಯುವ ಬಗೆಯವಕ್ಕೆ ಬದಲಿಸಿದೆವು. ಬ್ರೇಕಿನ ರಬ್ಬರುಗಳೆಲ್ಲ ಹೊಸವು. ಅವುಗಳಲ್ಲಿ ಉಳಿತಾಯ ನೋಡಬಾರದು. ಕೆಲವು ಸಾಮಾನುಗಳಿಗಾಗಿ ಅಳಿಯ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತಿ ಬಂದ.

ಕಿಡಿಯ ಕಥೆ ಸರಳ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ಒಂದನ್ನೊಂದು ಮುಟ್ಟುತ್ತಿದ್ದರೂ ನಡುವೆ ಬೂದಿ ಬಣ್ಣದ ಪೊರೆ ಬೆಳೆದು ವಿದ್ಯುತ್ತು ಹಾಯುತ್ತಿರಲಿಲ್ಲ. ನಯವಾದ ಎಮರಿ ಕಾಗದದಿಂದ ಉಜ್ಜಿ, ಸಂದು ಹೊಂದಿಸಿದೊಡನೆ ನೀಲಿ ಕಿಡಿ ಹಾರಿತು. ಅಳಿಯ ಕೊಳ್ಳಬೇಕೆಂದಿದ್ದ ಕಾಯಿಲ್ ನಿರ್ದೋಷಿ. ಆದರೂ ಎಂಜಿನ್ ಹತ್ತದೆ, ಕಾರ್ಬ್ಯುರೇಟರಿನಿಂದ ಪಟಾಕಿ ಹೊಡೆದಂತೆ ಸದ್ದು ಬಂದಿತು. ಕಿಡಿಯ ಸರದಿ 1, 3, 4, 2 ಎಂದಿರಬೇಕು. ನಾನು ಎರಡು ವಾಯರುಗಳನ್ನು ಅದಲುಬದಲು ಸಿಕ್ಕಿಸಿದ್ದೆ. ಅದನ್ನು ಸರಿಪಡಿಸಿ, ಅಳಿಯ ಹ್ಯಾಂಡಲ್ ತಿರುವಿದ. ಮೂರನೆಯ ತಿರುವಿಗೆ ಎಂಜಿನ್ ಕೆಮ್ಮಿ, ಬಿಳಿ ಹೊಗೆ ಉಗುಳಿ, ಮಾತನಾಡಿತು. ಒಳಗಿನಿಂದ ಓಡಿ ಬಂದ ನನ್ನ ಮಡದಿಗೆ ಏನು ಹೇಳಬೇಕೆಂದೇ ನನಗೆ ತಿಳಿಯಲಿಲ್ಲ.

ಡೈನಮೋ ಮಾತ್ರ ವಿದ್ಯುತ್ತು ಕೊಡಲೊಲ್ಲದು. ಬಹುಕಾಲ ನಿಂತ ಡೈನಮೋದ ಕಬ್ಬಿಣದಲ್ಲಿ ಉಳಿದಿರಬೇಕಾದ ಅಲ್ಪ ಕಾಂತತ್ವ ಅಳಿದುಹೋಗಿರುತ್ತದೆ. ಆ ಬೀಜವಿಲ್ಲದೆ ಅದು ಉತ್ಪಾದನೆಯನ್ನು ಆರಂಭಿಸಲಾರದು. ಅದರ ವಾಯರುಗಳನ್ನು ಬಿಡಿಸಿ, ಫೀಲ್ಡಿನ ತುದಿಗೆ ಬ್ಯಾಟರಿಯ ವಾಯರನ್ನು ಕ್ಷಣಮಾತ್ರ ತಾಗಿಸಿದರೆ ಸಾಕು. ಹಾಗೆ ಮಾಡಿದಾಗ ಚಾರ್ಜಿನ ಕೆಂಪು ದೀಪ ಆರಿತು. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಪಾಠ ಮನೆಯ ಶೆಡ್ಡಿನಲ್ಲಿ ಕೆಲಸಕ್ಕೆ ಬಂದಿತಲ್ಲ ಎಂದು ನಾನು ಅಳಿಯನ ಮುಂದೆ ಸ್ವಲ್ಪ ಜಂಬ ಪಟ್ಟೆನೆಂಬುದನ್ನು ಒಪ್ಪಿಕೊಳ್ಳಬೇಕು.

ಉಳಿದದ್ದು ಸ್ಟಾರ್ಟರ್. ಹೊಸ ಬ್ಯಾಟರಿಯನ್ನೇ ಕೂಡಿಸಿದ್ದೆವು. ಆದರೂ ಅದೇ ನರಳಾಟ. ಸ್ಟಾರ್ಟರನ್ನು ಬಿಚ್ಚಿ ನೇರವಾಗಿ ಬ್ಯಾಟರಿಗೆ ಹಿಡಿದರೆ ಬುಗುರಿಯಂತೆ ತಿರುಗುತ್ತದೆ. ಎಂಜಿನ್ನಿಗೆ ಕೂಡಿಸಿದರೆ ಮುದುಕರಂತೆ ಏಳುತ್ತದೆ. ಮೀಟರು ಹಿಡಿದು ವಾಯರುಗಳ ರೋಧ ಅಳೆದರೆ ಎಲ್ಲ ಕಡೆಯೂ ಸೊನ್ನೆ. ದೀಪ ಹಚ್ಚಿ ನೋಡಿದರೆ ದೀಪವೂ ಉರಿಯುತ್ತದೆ. ಎರಡು ದಿನ ತಲೆ ಕೆರೆದುಕೊಂಡೆವು. ಮೂರನೆಯ ದಿನ ನಾನು ಒಳಗೆ ಕುಳಿತು ಮತ್ತೆ ಮತ್ತೆ ಸ್ಟಾರ್ಟರ್ ಹೊಡೆಯುತ್ತಿದ್ದಾಗ ಬಾನೆಟ್ಟಿನ ಕಡೆ ಬಗ್ಗಿದ್ದ ಅಳಿಯ ಕೈ ಹಿಂದೆಗೆದುಕೊಂಡ. "ಮಾಮಾ, ಚೋಕ್ ವಾಯರ್ ಸುಡಾಕತ್ತೈತಿ!"

ನಾನು ಸ್ಟಾರ್ಟರ್ ಬಿಟ್ಟು ಸುಮ್ಮನೆ ಕುಳಿತೆ. ಅಮೀನಗಡದ ಆ ಸಂಜೆಯ ಸುಟ್ಟ ವಾಸನೆ ಮೂಗಿಗೆ ಬಂದಂತಾಯಿತು. ಚೋಕ್ ವಾಯರು ವಿದ್ಯುತ್ತಿನ ವಾಯರಲ್ಲ. ಕಾರ್ಬ್ಯುರೇಟರನ್ನು ಎಳೆಯುವ ಬರಿಯ ಉಕ್ಕಿನ ತಂತಿ. ಅದು ಕಾಯುವುದೆಂದರೆ ಹಾಯಬಾರದ ವಿದ್ಯುತ್ತು ಅದರೊಳಗೆ ಹಾಯುತ್ತಿದೆಯೆಂದೇ ಅರ್ಥ. ಏಕೆ ಹಾಯಬೇಕು?

ಇಲ್ಲಿ ವಾಚಕರಿಗೆ ಸ್ವಲ್ಪ ವಿವರಿಸುವುದು ಅಗತ್ಯ. ಕಾರಿನಲ್ಲಿ ಬ್ಯಾಟರಿಯ ಒಂದು ತುದಿಯಿಂದ ಮಾತ್ರ ವಾಯರು ಹೋಗುತ್ತದೆ. ಇನ್ನೊಂದು ತುದಿಯನ್ನು ಬಾಡಿಗೇ ಬಿಗಿದಿರುತ್ತಾರೆ. ಹೊರಟ ವಿದ್ಯುತ್ತು ಕಾರಿನ ಕಬ್ಬಿಣದ ಮೈಯಲ್ಲಿಯೇ ಹಿಂದಿರುಗುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಭೂಸಂಪರ್ಕವೆನ್ನುತ್ತಾರೆ, ಗ್ಯಾರೇಜಿನಲ್ಲಿ ಅರ್ಥಿಂಗ್. ಆದರೆ ಎಂಜಿನ್ ಕುಳಿತಿರುವುದು ರಬ್ಬರಿನ ಮೇಲೆ. ಆದ್ದರಿಂದ ಎಂಜಿನ್ನಿನಿಂದ ಬಾಡಿಗೆ ತಾಮ್ರದ ಎಳೆಗಳಿಂದ ಹೆಣೆದ ಅಗಲವಾದ ಪಟ್ಟಿಯೊಂದನ್ನು ಬೋಲ್ಟು ಹಾಕಿ ಬಿಗಿದಿರುತ್ತಾರೆ. ಸ್ಟಾರ್ಟರಿನ ವಿದ್ಯುತ್ತೆಲ್ಲ ಹಿಂದಿರುಗುವುದು ಆ ಪಟ್ಟಿಯ ಮೂಲಕ. ಆ ದಾರಿ ಕೆಟ್ಟರೆ ವಿದ್ಯುತ್ತು ಸಿಕ್ಕ ದಾರಿ ಹಿಡಿಯುತ್ತದೆ. ಎಂಜಿನ್ನಿಗೂ ಬಾಡಿಗೂ ತಾಗಿರುವ ಚೋಕ್ ವಾಯರು ಅಂತಹ ಒಂದು ಕಳ್ಳದಾರಿ.

ಸ್ಟಾರ್ಟರ್ ಎಂಜಿನ್ನನ್ನು ತಿರುವುವ ಕೆಲವು ಕ್ಷಣಗಳಲ್ಲಿ ಸುಮಾರು 200 ಆಂಪಿಯರ್ ಪ್ರವಾಹ ಎಳೆಯುತ್ತದೆ. ದಾರಿಯಲ್ಲಿ ಎಲ್ಲಿಯಾದರೂ ಒಂದು ಓಮಿನ ಐವತ್ತನೆಯ ಒಂದು ಭಾಗದಷ್ಟು ರೋಧವಿದ್ದರೂ 4 ವೋಲ್ಟುಗಳು ಅಲ್ಲಿಯೇ ಕಳೆದುಹೋಗುತ್ತವೆ. ಇರುವುದು 12 ವೋಲ್ಟುಗಳ ಬ್ಯಾಟರಿ. ಅಷ್ಟು ಅಲ್ಪ ರೋಧ ಸಾಮಾನ್ಯ ಮೀಟರಿಗೆ ಕಾಣಿಸುವುದಿಲ್ಲ. ಅಲ್ಪ ಪ್ರವಾಹದಲ್ಲಿ ಉರಿಯುವ ದೀಪಕ್ಕೂ ಕಾಣಿಸುವುದಿಲ್ಲ. ಭಾರ ಬಿದ್ದಾಗಲೇ ಅಳೆಯಬೇಕು. ಎಂಜಿನ್ ಹತ್ತದಂತೆ ಕಾಯಿಲಿನ ವಾಯರು ಬಿಡಿಸಿದೆವು. ಅಳಿಯ ಸ್ಟಾರ್ಟರ್ ಹೊಡೆದ, ನಾನು ಮೀಟರು ಹಿಡಿದೆ. ಬ್ಯಾಟರಿಯಲ್ಲಿ 10.9 ವೋಲ್ಟು, ಅದು ಸರಿಯೇ. ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋಗುವ ವಾಯರಿನಲ್ಲಿ ಕಳೆದುಹೋದದ್ದು 0.3; ಅದೂ ಸರಿಯೇ. ಮೀಟರಿನ ಒಂದು ಮೊನೆಯನ್ನು ಬಾಡಿಗೆ ಬಿಗಿದ ಬ್ಯಾಟರಿಯ ತುದಿಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಹಚ್ಚಿದೆ. ಅಲ್ಲಿ ಅರ್ಧ ವೋಲ್ಟು ಮೀರಬಾರದು. ಮೀಟರು 4.3 ತೋರಿಸಿತು.

ಖಚಿತಪಡಿಸಿಕೊಳ್ಳಲು ದಪ್ಪ ವಾಯರೊಂದನ್ನು ಬ್ಯಾಟರಿಯ ಆ ತುದಿಯಿಂದ ನೇರ ಎಂಜಿನ್ನಿಗೆ ಕಚ್ಚಿಸಿದೆವು. ಸ್ಟಾರ್ಟರ್ ಹೊಸ ಕಾರಿನಂತೆ ತಿರುಗಿತು. ಅಳಿಯ ಕುಣಿದಾಡಿದ. ನಾನು ಪಾನಾ ತೆಗೆದುಕೊಂಡು, ತಂತಿಪಟ್ಟಿಯನ್ನು ಬಾಡಿಗೆ ಬಿಗಿದಿದ್ದ ಬೋಲ್ಟನ್ನು ಬಿಚ್ಚಿದೆ. ಬೋಲ್ಟಿನ ಎಳೆಗಳು ತುಕ್ಕು ಹಿಡಿದಿದ್ದವು. ಪಟ್ಟಿಯ ತುದಿ ಕೂಡಿದ್ದ ಜಾಗದಲ್ಲಿ, ಕಪ್ಪು ಬಣ್ಣ ತಲುಪದ ಒಂದು ರೂಪಾಯಿಯಗಲ ಗುಂಡಗಿನ ಹಸಿರು ಮಚ್ಚೆ ಇತ್ತು.

ಅದು ನಮ್ಮ ಹಳೆಯ ಮನೆಯ ಕಿಟಕಿಗಳ ಹಸಿರು. ಆ ಮನೆ ಈಗಿಲ್ಲ, ಆ ಕಿಟಕಿಗಳೂ ಇಲ್ಲ. ಆದರೂ ಆ ಬಣ್ಣದ ಗುರುತು ಹಿಡಿಯಲು ನನಗೆ ಕ್ಷಣವೂ ಬೇಕಾಗಲಿಲ್ಲ. ಒಣಗಿದ ಎನಾಮೆಲ್ ವಿದ್ಯುತ್ತನ್ನು ಬಿಡುವುದಿಲ್ಲವೆಂಬುದು ಶಾಲೆಯ ಹುಡುಗನಿಗೂ ತಿಳಿದ ಮಾತು. ಬೋಲ್ಟಿನ ಎಳೆಗಳ ಮೂಲಕ ಎರಡು ವಾರ ಹೇಗೋ ಹಾದ ವಿದ್ಯುತ್ತು ಆ ಸಂಜೆ ಸಾಕೆಂದಿತ್ತು. "ಇದು ಯಾರ ಕೆಲಸ ಮಾಮಾ, ಮೂಲ ಬಿಟ್ಟು ಬಣ್ಣಾ ಹಚ್ಚ್ಯಾರ?" ಎಂದು ಅಳಿಯ ಕೇಳಿದ. ನಾನು ಉತ್ತರಿಸದೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದೆ.

ಬಣ್ಣ ಕೆರೆದು ಬಿಳಿ ಕಬ್ಬಿಣ ಕಾಣಿಸಿ, ಪಟ್ಟಿಯನ್ನು ಬಿಗಿದು, ಮೇಲೆ ಗ್ರೀಸು ಹಚ್ಚುವುದಕ್ಕೆ ಹತ್ತು ನಿಮಿಷ ಹಿಡಿಯಿತು. ತಂಗಿಗೆ ಹೇಳುವುದಕ್ಕೆ ನಾಲ್ಕು ದಿನ ಹಿಡಿಯಿತು. ಅವಳು ಕೇಳಿ ಬಹಳ ಹೊತ್ತು ಸುಮ್ಮನಿದ್ದಳು. "ಆವತ್ತು ಮಿಸ್ತ್ರಿ ಕಾಕಾ ಹೋಗೂದನ್ನ ನಾ ಒಳಗಿಂದ ನೋಡಿದ್ನಿ" ಎಂದಳು. "ಹೊಸಾ ಮದಲಗಿತ್ತಿ, ಏನಂತ ಮಾತಾಡ್ಲಿ? ಹೋಗಿ ಹೇಳಿ ಬಾ ಅಣ್ಣಾ. ನನ್ನ ಮಗಳು ಈ ಗಾಡಿ ಹತ್ತೂದು ಆಮ್ಯಾಲೆ."

ಮಿಸ್ತ್ರಿ ಕಾಕಾ ಬದುಕಿದ್ದಾರೆಯೇ ಎಂಬುದೇ ನನಗೆ ತಿಳಿದಿರಲಿಲ್ಲ. ಅವರ ಗ್ಯಾರೇಜೂ ಮುಳುಗಡೆಯಲ್ಲಿ ಹೋಗಿತ್ತು. ಹತ್ತಾರು ಕಡೆ ವಿಚಾರಿಸಿದ ಮೇಲೆ ಇಳಕಲ್ಲಿನಲ್ಲಿ ಮಗಳ ಮನೆಯಲ್ಲಿದ್ದಾರೆಂದು ಗೊತ್ತಾಯಿತು. ಅಷ್ಟರಲ್ಲಿ ಕಾರಿನ ಕಾಗದಪತ್ರಗಳ ಕೆಲಸವೂ ಮುಗಿದಿತ್ತು. ಐವತ್ತು ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆಯಾದರೂ ಅವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಾವು ಹಳೆಯ ನೋಂದಣಿಯನ್ನೇ ನವೀಕರಿಸಿಕೊಂಡೆವು. 2023ರ ಫೆಬ್ರುವರಿಯ ಒಂದು ಬೆಳಿಗ್ಗೆ ಅಳಿಯ ಕಾರು ನಡೆಸಿದ. ತಂಗಿ ಮತ್ತು ನಾನು ಹಿಂದೆ ಕುಳಿತೆವು. ಅಮೀನಗಡದಲ್ಲಿ ಕರದಂಟು ಕೊಂಡೆವು. ಎಂಜಿನ್ ನಿಲ್ಲಿಸುವ ಧೈರ್ಯ ಮಾತ್ರ ನನಗಾಗಲಿಲ್ಲ.

ಇಳಕಲ್ಲಿನ ಆ ಓಣಿಯಲ್ಲಿ ಮಗ್ಗಗಳ ಸಪ್ಪಳ ನಡೆದಿತ್ತು. ಕಟ್ಟೆಯ ಮೇಲೆ ಬಿಳಿ ಗಡ್ಡದ ವೃದ್ಧರೊಬ್ಬರು ಕುಳಿತಿದ್ದರು. ಕಾರು ಅವರ ಮುಂದೆ ನಿಂತಿತು. ಅವರ ಕಣ್ಣು ಮಂದವಾಗಿದ್ದವು. ಇಳಿದ ನಮ್ಮನ್ನು ಯಾರೆಂದು ಕೇಳುವ ಮೊದಲೇ, "ಮೂರನೇದ್ದು ಟ್ಯಾಪೆಟ್ ಢಿಲಾ ಐತಿ" ಎಂದರು.

ನಾನು ಹೆಸರು ಹೇಳಿದೆ. ಅವರು ಎದ್ದು ನಿಂತರು. ಬಾನೆಟ್ಟಿನ ಮೇಲೆ ಕೈಯಿಟ್ಟು ಅಂಚಿನವರೆಗೆ ಸವರಿದರು. ಒಳಗಿನಿಂದ ಮಗಳು ಚಹ ತಂದಳು. ದಾರಿಯುದ್ದಕ್ಕೂ ನಾನು ಸಿದ್ಧಪಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು. ಕಿಟಕಿಯ ಬಣ್ಣ, ಬಿಚ್ಚಿ ಬಿಗಿದ ಬೋಲ್ಟು, ಇಷ್ಟನ್ನೇ ಹೇಳಿದೆ.

"ಅರ್ಥಿಂಗ್ ಅಂತ ಆವತ್ತ ಅನಿಸಿತ್ರಿ" ಎಂದರು ಕಾಕಾ. "ಹೊಗಿ ಚೋಕ್ ವಾಯರಿಂದ ಬಂತು ಅಂದ್ರಲ್ಲ ನೀವು, ಆವಾಗನ. ಅದಕ್ಕ ಒಮ್ಮೆ ನೋಡ್ತೀನಿ ಅಂದೆ."

"ನಾನಾದರೂ ನೋಡಲಿ ಬಿಡ್ರಿ ಅಪ್ಪಾ ಅನಬೇಕಿತ್ತು ಕಾಕಾ."

"ಅನಬೇಕಿತ್ತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆಮ್ಯಾಲೆ ಎರಡು ವರ್ಷ ಊರಾಗ ಯಾರೂ ನನ್ನ ಕಡೆ ಕಾರ್ ತರಲಿಲ್ರಿ. ಡಾಕ್ಟರ್ ಸಾಹೇಬ್ರ ಮಾತಂದ್ರ ಊರಿಗೂರ ನಂಬತಿತ್ತು. ನೀರೆತ್ತೂ ಎಂಜಿನ್ ರಿಪೇರಿ ಮಾಡಕೊಂಡು ಹೊಟ್ಟಿ ಹೊರದೆ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ಸಾಹೇಬ್ರಿಗೆ ತಿಳೀತೇನ್ರಿ ಇದು?"

"ಇಲ್ಲ ಕಾಕಾ. 2006ರಾಗ ಹೋದ್ರು."

ಅವರು ಚಹದ ಬಸಿ ಕೆಳಗಿಟ್ಟು, "ಫಿಲ್ಲರ್ ಗೇಜು ತಂದೀರೇನು?" ಎಂದು ಕೇಳಿದರು. ಅಳಿಯ ತಂದುಕೊಟ್ಟ. ಎಂಜಿನ್ನಿನ ಮೇಲಿನ ಮುಚ್ಚಳ ತೆಗೆಸಿ, ಹ್ಯಾಂಡಲನ್ನು ಅಳಿಯನ ಕೈಗೆ ಕೊಟ್ಟು, ಎಷ್ಟು ತಿರುವಬೇಕೆಂದು ಹೇಳುತ್ತ, ಕಣ್ಣಿನಿಂದಲ್ಲ, ಬೆರಳಿನಿಂದಲೇ ನೋಡಿ ಮೂರನೆಯ ಟ್ಯಾಪೆಟ್ಟನ್ನು ಹೊಂದಿಸಿದರು. "ಹೆಬ್ಬಟ್ಟು ಈ ಕಡೆ" ಎಂದು ಅಳಿಯನನ್ನು ಒಮ್ಮೆ ಗದರಿದರು. ತಂಗಿ ಲಗ್ನದ ಕರೆಯೋಲೆಯನ್ನೂ ಕರದಂಟನ್ನೂ ಕೊಟ್ಟಳು. ಮೈಯಲ್ಲಿ ಶಕ್ತಿಯಿದ್ದರೆ ಬಾದಾಮಿಗೆ ಬರುವೆನೆಂದರು.

ಹೊರಡುವಾಗ ನಾನು ಲಕೋಟೆಯೊಂದನ್ನು ಅವರ ಕೈಯಲ್ಲಿಟ್ಟೆ. ಏನಿದು ಎಂದರು. ಆವತ್ತಿನ ಬಾಕಿ ಎಂದೆ. ಎಷ್ಟಿತ್ತೆಂದು ನನಗೆ ನೆನಪಿರಲಿಲ್ಲ. ಮನಸ್ಸಿಗೆ ಸಮಾಧಾನವಾಗುವಷ್ಟು ಹಾಕಿದ್ದೆ.

"ಬಾಕಿ ನಾಲ್ಕುನೂರಾ ಐವತ್ತು" ಎಂದರು ಕಾಕಾ.

ಲಕೋಟೆಯಿಂದ ಐನೂರರ ಒಂದು ನೋಟು ತೆಗೆದುಕೊಂಡು, ಉಳಿದದ್ದನ್ನು ಹಾಗೆಯೇ ನನಗೆ ಮರಳಿಸಿದರು. ಮೊಮ್ಮಗಳನ್ನು ಕೂಗಿ ಒಳಗಿನಿಂದ ಐವತ್ತು ರೂಪಾಯಿ ತರಿಸಿ, ಮಡಿಕೆ ಬಿಡಿಸಿ, ನನ್ನ ಅಂಗೈಯಲ್ಲಿಟ್ಟರು. ನಾನು ಬೇಡವೆನ್ನಲು ಬಾಯಿ ತೆರೆದೆ. ತಂಗಿ ನನ್ನ ತೋಳು ಹಿಡಿದಳು.

ಅಳಿಯ ರೂಢಿಯಂತೆ ಹ್ಯಾಂಡಲ್ ಹಾಕಲು ಮುಂದೆ ಹೋದ. "ಹ್ಯಾಂಡಲ್ ಬ್ಯಾಡ, ಸ್ಟಾರ್ಟರ್ ಹೊಡಿ, ಕೇಳೂಣು" ಎಂದರು ಮಿಸ್ತ್ರಿ ಕಾಕಾ, ಬಾನೆಟ್ಟಿನತ್ತ ಕಿವಿಗೊಟ್ಟು ನಿಂತು.